ದರ್ಬಾರ್ ಪರದೆಯ ಮೇಲಿನ ಆಕಾಶ

ನನ್ನ ಮಗಳಿಗೆ ಹೆಸರಿಟ್ಟ ದಿನ ನಾನು ಅಲ್ಲಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದೆ ಎಂದು ನೆನಪಿದೆ. ಆದರೆ ನೆನಪಿರುವುದಕ್ಕೂ ನಡೆದದ್ದಕ್ಕೂ ಸಂಬಂಧ ಇರಲೇಬೇಕೆಂದೇನಿಲ್ಲ. ಹೈದರಾಬಾದಿನಲ್ಲಿ ಇತಿಹಾಸ ಓದುವಾಗ ನಮ್ಮ ಮೇಷ್ಟ್ರೊಬ್ಬರು ಯಾವ ಹಳೆಯ ಮಾತನ್ನು ಮುಂದಿಟ್ಟರೂ ಮೂರು ಪ್ರಶ್ನೆ ಕೇಳಿಸುತ್ತಿದ್ದರು: ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಹಾಗೆ ಹೇಳುವುದರಿಂದ ಅವನಿಗೇನು ಲಾಭ? ನನ್ನ ಈ ನೆನಪು ಮೊದಲನೆಯದಕ್ಕೇ ಮುಗ್ಗರಿಸುತ್ತದೆ. ಹೇಳುವವನು ನಾನೇ, ಹೇಳುತ್ತಿರುವುದು ಇಷ್ಟು ವರ್ಷ ಕಳೆದ ಮೇಲೆ, ಲಾಭವಂತೂ ಪೂರಾ ನನ್ನದು. ನನ್ನ ಹೆಂಡತಿ ಶರಣಮ್ಮ, ನಾನು ಆ ದಿನ ಬರಲಿಲ್ಲ, ಮರುದಿನ ಬಂದೆ ಎನ್ನುತ್ತಾಳೆ. ಹಾಗೆ ಹೇಳುವುದರಿಂದ ಅವಳಿಗೆ ಯಾವ ಲಾಭವೂ ಇಲ್ಲ. ಆದ್ದರಿಂದ ಮೇಷ್ಟ್ರ ಲೆಕ್ಕದಲ್ಲಿ ಅವಳೇ ಒಳ್ಳೆಯ ಸಾಕ್ಷಿ.

ಕಳೆದ ವರ್ಷ ಯಾದಗಿರಿಯಲ್ಲಿ ರೈಲಿಳಿದು ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆ. ಸ್ಟೇಷನ್ ರಸ್ತೆಯ ಒಂದು ಬಡಿಗನ ಅಂಗಡಿಯಲ್ಲಿ ಸರೇಸು ಕುದಿಯುತ್ತಿತ್ತು. ದನದ ತೊಗಲು ಕುದಿಸಿ ಮಾಡುವ ಅಂಟು ಅದು. ಈಗ ಬಾಟಲಿಯಲ್ಲಿ ಬಿಳಿ ಅಂಟು ಸಿಗುವಾಗ ಸರೇಸು ಕುದಿಸುವವರು ಅಪರೂಪ. ಅದರ ನಾತ ಗೊತ್ತಿದ್ದವರಿಗೇ ಗೊತ್ತು; ಸತ್ತದ್ದೂ ಅಲ್ಲ, ಬೆಂದದ್ದೂ ಅಲ್ಲ, ಎರಡರ ನಡುವಿನ ಒಂದು ವಾಸನೆ. ಬಡಿಗ ನನ್ನನ್ನು ಗಿರಾಕಿ ಎಂದುಕೊಂಡು "ಏನ್ ಬೇಕ್ರಿ ಯಜಮಾನ್ರ?" ಎಂದ. ಏನೂ ಬೇಡವೆಂದು ಹೇಳಿ ಅಂಗಡಿಯ ಮುಂದೆಯೇ ನಿಂತುಬಿಟ್ಟೆ. ಮೊಣಕಾಲು ನೋಯುವವರೆಗೆ ನಿಂತೆ. ಸುರಪುರದ ಆ ಮಳೆಗಾಲ ಪೂರ್ತಿ ಆ ವಾಸನೆಯ ಒಳಗೇ ಇತ್ತು.

ನಿಜಾಮರ ಆಳ್ವಿಕೆ ಮುಗಿದ ಮೇಲಿನ ಎರಡನೆಯ ಮಳೆಗಾಲ. ಮೂರನೆಯದೂ ಆಗಿರಬಹುದು. ಎಲ್ಲವೂ ಎರಡೆರಡು ಇದ್ದ ಕಾಲ. ನಿಜಾಮರ ನಾಣ್ಯ ಹಾಲಿ ಸಿಕ್ಕವೂ ನಡೆಯುತ್ತಿತ್ತು, ಹೊಸ ರೂಪಾಯಿಯೂ ನಡೆಯುತ್ತಿತ್ತು. ಕಚೇರಿಗೆ ಉರ್ದುವಿನಲ್ಲಿ ಅರ್ಜಿ ಒಯ್ದರೆ ಕನ್ನಡದಲ್ಲಿ ತನ್ನಿ ಎನ್ನುವ ಗುಮಾಸ್ತ ಒಬ್ಬ, ಕನ್ನಡದಲ್ಲಿ ಒಯ್ದರೆ ಸಾಹೇಬರಿಗೆ ಓದಲು ಬರುವುದಿಲ್ಲ ಎನ್ನುವವನು ಅವನ ಪಕ್ಕದಲ್ಲೇ ಇನ್ನೊಬ್ಬ. ನನ್ನಂಥ ಬಿ.ಎ. ಆದವನಿಗೆ ಒಳ್ಳೆಯ ಕಾಲವೆಂದು ಎಲ್ಲರೂ ಹೇಳುತ್ತಿದ್ದರು. ನಾನು ಮಾತ್ರ ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದೆ. ಹುಡುಗನಾಗಿದ್ದಾಗ ಸುರಪುರದ ಚಿತ್ರಗಾರರೊಬ್ಬರ ಕೈಕೆಳಗೆ ಬಂಗಾರದ ರೇಕು ಅಂಟಿಸುವುದನ್ನೂ ಬಣ್ಣ ಅರೆಯುವುದನ್ನೂ ಕಲಿತಿದ್ದೆ. ನಿಜಾಮರ ಆಳ್ವಿಕೆ ಮುಗಿದ ಆ ಗಲಾಟೆಯ ವರ್ಷದಲ್ಲಿ ಊರಿಗೆ ಮರಳಿದವನು, ಒಂದು ಹಂಗಾಮಿಗೆ ಎಂದು ಕಂಪನಿ ಸೇರಿದೆ. ಒಂದು ಹಂಗಾಮಿನ ಹಿಂದೆ ಇನ್ನೊಂದು ಬಂತು.

ಮದುವೆಯಾದ ಮೇಲೆ ಶರಣಮ್ಮನೂ ನನ್ನೊಂದಿಗೆ ಒಂದು ವರ್ಷ ತಿರುಗಿದಳು. ತಗಡಿನ ಥೇಟರಿನ ಹಿಂದೆ ಒಲೆ ಹೂಡಿ ರೊಟ್ಟಿ ಬಡಿದಳು. ರಾಜರಾಣಿಯರ ಬಟ್ಟೆಗಳ ಗಂಟಿಗೆ ಒರಗಿ ಮಲಗಿದಳು. ಬಸುರಾಗಿ ತಿಂಗಳು ತುಂಬುತ್ತ ಬಂದಾಗ ಯಾದಗಿರಿ ಮುಕ್ಕಾಮಿನಿಂದ ತವರೂರು ಶಹಾಪುರಕ್ಕೆ ಹೊರಟಳು. ಅವಳನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಬಸ್ಸು ಇನ್ನೂ ಬಂದಿರಲಿಲ್ಲ. ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತು ಅವಳು ಹೇಳಿದ ಮಾತು ನನಗೆ ನೆನಪಿದೆ. ಇದರಲ್ಲಿ ಅವಳದೂ ತಕರಾರಿಲ್ಲ.

"ಹೊಟ್ಟಿ ಹೊತ್ತು ಊರೂರು ತಿರುಗೀನಿ. ಕೂಸು ಹೊತ್ತು ತಿರುಗೂದಿಲ್ರಿ."

"ಈ ಹಂಗಾಮು ಮುಗೀಲಿ," ಎಂದೆ.

"ನಿಮ್ಮ ಕಂಪನ್ಯಾಗ ಹಂಗಾಮು ಮುಗೀತು ಅಂದ್ರ ಇನ್ನೊಂದ್ ಊರಿಗೆ ಗಾಡಿ ಕಟ್ಟಿದ್ರು ಅಂತ. ನನಗ ಗೊತ್ತಿಲ್ಲೇನು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ಹೇಳಿದಳು.

"ಮಲ್ಲಣ್ಣ ನಿಮಗ ಸಾಲಿ ಮಾಸ್ತರಕಿ ನೋಡ್ಯಾನ. ಮಾಡ್ರಿ ಅಂತ ನಾ ಈಗ ಹೇಳೂದಿಲ್ಲ. ಕೂಸಿಗೆ ಹೆಸರಿಡೂ ತೊಟ್ಟಿಲ ದಿನಾ ಬರ್ರಿ. ಅವತ್ತು ಬಂದ್ರ, ಇಲ್ಲೇ ಇರ್ರಿ ಅಂತ ಬಾಯಿ ಬಿಟ್ಟು ಕೇಳ್ತೀನಿ. ಬರಲಿಲ್ಲಂದ್ರ ಕೇಳೂದಿಲ್ಲ. ಮುಂದ ಯಾವತ್ತೂ ಕೇಳೂದಿಲ್ಲ."

ಮಲ್ಲಣ್ಣ ಅವಳ ಅಣ್ಣ. ಶಹಾಪುರದಲ್ಲಿ ಹೊಸ ಕನ್ನಡ ಶಾಲೆ ತೆರೆಯುವವರಿದ್ದರು. ಪದವಿ ಇದ್ದವರಿಗೆ ಹುಡುಕಾಟ ನಡೆದಿತ್ತು. ಅವನು ಓಡಾಡಿ ಆ ಕೆಲಸ ನನಗೆಂದು ಮಾತಾಡಿಟ್ಟಿದ್ದ. ಕಂಪನಿ ಬಿಡಲು ನನಗೆ ಮನಸ್ಸಿತ್ತೇ? ಇತ್ತು ಎನಿಸುತ್ತದೆ. ಊರೂರಿನಲ್ಲಿ ಗೆಳೆಯರಾಗುತ್ತಾರೆ, ಗಾಡಿ ಕಟ್ಟಿದ ದಿನ ಅವರು ಊರಿನೊಂದಿಗೇ ಹಿಂದೆ ಉಳಿಯುತ್ತಾರೆ. ಸೈದಾಪುರದ ಒಬ್ಬ ಚಹಾದವನು ನನಗೆ ತಮ್ಮನಿದ್ದಂತೆ ಎಂದುಕೊಂಡಿದ್ದೆ; ಈಗ ಅವನ ಹೆಸರೂ ಬರುವುದಿಲ್ಲ. ಹಾಗೆ ಉದುರದೆ ಜೊತೆಗೇ ಇದ್ದವನು ಖಾದರ್ ಒಬ್ಬನೇ.

ಖಾದರಸಾಬ ನಮ್ಮ ಪೇಟಿ ಮಾಸ್ತರ, ಹಾರ್ಮೋನಿಯಂ ಬಾರಿಸುವವನು. ಸುರಪುರದವನೇ. ಎಡಚ. ಎಡಗೈಯಿಂದ ಪೇಟಿಯ ಮನೆಗಳನ್ನು ಒತ್ತುತ್ತ ಬಲಗೈಯಿಂದ ಗಾಳಿ ಹಾಕುತ್ತಿದ್ದ. ಹೊಸ ಊರಿನ ಜನ ಅದನ್ನು ನೋಡಿ ನಗುವರು, ಅರ್ಧ ತಾಸಿಗೆ ನಗು ಮರೆಯುವರು. ನನ್ನನ್ನು "ಬಿ.ಎ. ಸಾಹೇಬ್ರ" ಎಂದು ಕರೆಯುತ್ತಿದ್ದ. ಮೊದಮೊದಲು ಅದು ಚೇಷ್ಟೆಯಾಗಿತ್ತು, ಆಮೇಲೆ ಹೆಸರೇ ಆಯಿತು. ಯಾದಗಿರಿಯಲ್ಲಿ ಒಂದು ಮಧ್ಯಾಹ್ನ ನಾನು ಹಳೆಯ ಗೋಣಿತಟ್ಟಿನ ಮೇಲೆ ಬಣ್ಣ ಪರೀಕ್ಷೆ ಮಾಡುತ್ತಿದ್ದಾಗ ಕುಂಚ ಕಸಿದುಕೊಂಡು ತಾನೂ ಎಳೆದ. ನನ್ನ ಗುರುಗಳು ಕಲಿಸಿದ್ದು, ಆಕಾಶವನ್ನು ಅಡ್ಡಡ್ಡ ಬಳಿಯಬಾರದು, ಚಿಕ್ಕ ಚಿಕ್ಕ ಓರೆ ಗೀರುಗಳಿಂದ ತುಂಬಬೇಕು. ಆಗ ದೂರಕ್ಕೆ ಗಾಳಿಯಾಡಿದಂತೆ ಕಾಣುತ್ತದೆ. ನನ್ನ ಗೀರುಗಳು ಬಲಕ್ಕೆ ಏರುತ್ತಿದ್ದವು. ಅವನವು ಎಡಕ್ಕೆ ಏರಿದವು. ಎರಡನ್ನೂ ದೂರದಿಂದ ನೋಡಿ ಅವನು ಗೊಳ್ಳನೆ ನಕ್ಕ.

"ನೋಡ್ರಿ ಸಾಹೇಬ್ರ, ನಿಮ್ಮ ಮಳಿ ಆ ಕಡಿಂದ ಬರ್ತದ, ನಮ್ಮ ಮಳಿ ಈ ಕಡಿಂದ ಬರ್ತದ."

"ತೊಯ್ಸೂದು ಎರಡೂ ತೊಯ್ಸತಾವ," ಎಂದೆ.

"ಅರೆ ವಾಹ್! ಇದಕ್ಕ ಬಿ.ಎ. ಆಗಬೇಕಾತಲ್ಲ!"

ಮಳೆ ಹಿಡಿಯುವ ಹೊತ್ತಿಗೆ ಕಂಪನಿ ಸುರಪುರಕ್ಕೆ ಬಂತು. ಮಳೆಗಾಲದಲ್ಲಿ ಕಂಪನಿಗಳು ಬದುಕುವುದಲ್ಲ, ದಿನ ತಳ್ಳುವುದು. ಬಂಡೆಗಳ ನಡುವಿನ ಊರು. ಮಳೆ ನಿಂತ ಮೇಲೂ ಬಂಡೆಗಳಿಂದ ನೀರು ಇಳಿಯುತ್ತಲೇ ಇರುತ್ತಿತ್ತು. ಥೇಟರಿನ ತಗಡು ಸೋರಿ, ವೇಷದ ಬಟ್ಟೆಗೆ ಬೂಸ್ಟು ಹತ್ತಿ, ನಟರೆಲ್ಲ ಕೆಮ್ಮುತ್ತಿದ್ದರು. ಊರಿನವನಾದ್ದರಿಂದ ಖಾದರ್ ತನ್ನ ಮನೆಯಲ್ಲೇ ಇದ್ದ. ನನ್ನನ್ನೂ ಊಟಕ್ಕೆ ಅಲ್ಲಿಗೇ ಎಳೆದೊಯ್ಯುತ್ತಿದ್ದ. ಅವನ ತಾಯಿ ಪುಂಡಿ ಪಲ್ಯದ ಜೊತೆ ಬಿಸಿ ರೊಟ್ಟಿ ಹಾಕುತ್ತ ನನ್ನ ಮುಂದೆಯೇ ಅವನನ್ನು ಬಯ್ಯುತ್ತಿದ್ದಳು. ದೊಡ್ಡ ಮಗ ಗಲಾಟೆಯ ವರ್ಷ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಇದ್ದ ಒಬ್ಬನೂ ಊರೂರು ತಿರುಗುವುದು ಆಕೆಗೆ ಬೇಡವಾಗಿತ್ತು.

"ನೀ ಆದ್ರೂ ಹೇಳಪ್ಪ ಇವಂಗ. ಮನ್ಯಾಗ ಇರಂತ ಹೇಳು," ಎನ್ನುವಳು.

"ಅಮ್ಮೀ, ಈ ಸಾಹೇಬ್ರಿಗೇ ಅವರ ಹೆಂಡ್ತಿ ಹೇಳಾಕತ್ತಾಳ, ಅವರೇ ಕೇಳವಲ್ರು," ಎಂದು ಖಾದರ್ ನನ್ನ ಕಡೆ ಕಣ್ಣು ಹೊಡೆಯುವನು. ನಾವಿಬ್ಬರೂ ನಗುತ್ತಿದ್ದೆವು. ಆಕೆ ನಗುತ್ತಿರಲಿಲ್ಲ.

ಕಂಪನಿಯ ಮಾಲಕ ವೀರಪ್ಪನವರು ಒಂದು ಹೊಸ ನಾಟಕ ಆಡಿಸುವ ಹವಣಿಕೆಯಲ್ಲಿದ್ದರು. ಅದಕ್ಕೆ ದರ್ಬಾರ್ ಪರದೆ ಬೇಕು. ಇದ್ದ ದರ್ಬಾರ್ ಪರದೆ ನನಗಿಂತ ಮೊದಲಿದ್ದ ಪೇಂಟರು ಬರೆದದ್ದು: ಕಂಬಗಳು, ಕಮಾನುಗಳು, ಮೇಲೆ ಸಾಲಾಗಿ ಗುಮ್ಮಟಗಳು, ಮಿನಾರುಗಳು. ಹಿಂದೆ ಅದು ಇಳಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರಂತೆ. ವೀರಪ್ಪನವರು ಅದನ್ನು ಬಿಡಿಸಿ ನೋಡಿ ತಲೆ ಕೆರೆದುಕೊಂಡರು.

"ಕಂಬ ಇರಲಿ. ಮ್ಯಾಲಿನ ಗುಮ್ಮಟ ಅಳಿಸಿ ಬಯಲು ಮಾಡ್ರಿ. ಬರೇ ಆಕಾಶ ಇರಲಿ. ಕಾಲ ಬದಲಾಗೇದ. ಇದನ್ನ ಇಳಿಸಿದ್ರ ಯಾವನಾದ್ರೂ ಸಿಳ್ಳಿ ಹಾಕ್ತಾನ, ನನ್ನ ಕಂಪನಿ ಮುಳುಗ್ತದ."

ಮಾಲಕರು ಕೆಟ್ಟವರಲ್ಲ. ಖಾದರನಿಗೆ ಮೊದಲ ಪೇಟಿ ಕೊಡಿಸಿದವರೂ ಅವರೇ. ಅವರ ಮಾತಿನಲ್ಲಿ ಭಯವಿತ್ತು, ದ್ವೇಷವಿರಲಿಲ್ಲ. ಅಲ್ಲೇ ಕೂತು ಪೇಟಿ ಒರೆಸುತ್ತಿದ್ದ ಖಾದರ್ ತಲೆಯೆತ್ತದೆ ಕೇಳಿದ:

"ಗುಮ್ಮಟ ಮುಚ್ಚತೀರಿ ಧಣಿ. ಪೇಟಿ ಬಾರಿಸೂ ಖಾದರನ್ನ ಏನ್ ಮಾಡ್ತೀರಿ? ಅವಂಗೂ ಒಂದ್ ಕೈ ನೀಲಿ ಹೊಡಸ್ರಿ."

"ಏ, ಸುಮ್ಕಿರೋ ಹುಚ್ಚಾ," ಎಂದರು ವೀರಪ್ಪನವರು. ಎಲ್ಲರೂ ನಕ್ಕರು, ಖಾದರನೂ ನಕ್ಕ. ನಕ್ಕನೆಂದೇ ನನ್ನ ನೆನಪು.

ಸರೇಸಿನ ಬಣ್ಣದ ಬಗ್ಗೆ ಒಂದು ಮಾತು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಿಸಿ ಸರೇಸಿನಲ್ಲಿ ಕಲಸಿದ ಬಣ್ಣ ಹಸಿಯಿದ್ದಾಗ ಒಂದು ತರಹ, ಒಣಗಿದಾಗ ಇನ್ನೊಂದು ತರಹ. ಒಂದು ಸಲ ಕಲಸಿದ ನೀಲಿ ಮತ್ತೊಂದು ಸಲ ಹಾಗೇ ಬರುವುದಿಲ್ಲ, ಯಾರ ಕೈಗೂ ಬರುವುದಿಲ್ಲ. ಆಕಾಶ ಬಳಿಯಲು ಕೂತರೆ ಒಂದೇ ಸಲ ಕಲಸಿದ ಬಣ್ಣದಲ್ಲಿ, ಅಂಚು ಒಣಗುವುದರೊಳಗೆ, ಈ ತುದಿಯಿಂದ ಆ ತುದಿಗೆ ಮುಗಿಸಿಯೇ ಏಳಬೇಕು. ನಡುವೆ ಎದ್ದರೆ ನಿಂತ ಜಾಗದಲ್ಲಿ ಗೆರೆ ಬೀಳುತ್ತದೆ. ಮೇಲೆ ಎಷ್ಟು ಬಳಿದರೂ ಅದು ಹೋಗುವುದಿಲ್ಲ. ಪರದೆ ಬರೆಯುವವನಿಗೆ ಅದಕ್ಕಿಂತ ದೊಡ್ಡ ನಾಚಿಕೆಯಿಲ್ಲ.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಆಮೇಲೆ ಒಂದು ಸಂತೆಯ ದಿನ ಮಲ್ಲಣ್ಣನೇ ಸುರಪುರಕ್ಕೆ ಬಂದ. ಛತ್ರಿ ಝಾಡಿಸುತ್ತ ಹೇಳಿದ: "ಶುಕ್ರವಾರ ತೊಟ್ಟಿಲಾ. ನಿಮ್ಮ ಅಕ್ಕಗೂ ಹೇಳಿ ಕಳಿಸೀವಿ, ರಾಮಸಮುದ್ರದಿಂದ ಬರ್ತಾರ. ನೀವು ಬರ್ತೀರೋ ಇಲ್ಲೋ ಅಂತ ನಾ ಕೇಳೂದಿಲ್ಲ. ಕೇಳಬ್ಯಾಡಂತ ತಂಗಿ ಹೇಳ್ಯಾಳ." ವೀರಪ್ಪನವರ ಹೊಸ ನಾಟಕ ಶನಿವಾರಕ್ಕೆ ನಿಗದಿಯಾಗಿತ್ತು. ವಾರವೆಲ್ಲ ಜಡಿ ಮಳೆ, ಬಳಿದದ್ದು ಒಣಗುವ ಭರವಸೆಯಿರಲಿಲ್ಲ. ಗುರುವಾರ ಸಂಜೆ ಮೋಡ ಹರಿಯಿತು. ಶುಕ್ರವಾರ ಬೆಳಗಿನ ಬಿಸಿಲು ನೋಡಿದವನೇ ಲೆಕ್ಕ ಹಾಕಿದೆ: ಬೇಗ ಕೂತರೆ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಆಕಾಶ ಮುಗಿಯುತ್ತದೆ, ಸಂಜೆ ದೀಪ ಹಚ್ಚುವುದರೊಳಗೆ ಶಹಾಪುರ.

ಇಲ್ಲಿಂದ ಮುಂದಿನದನ್ನು ನಾನು ನಂಬಬೇಕೋ ಬೇಡವೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ಹತ್ತಿಯ ಗೋದಾಮಿನ ನೆಲದ ಮೇಲೆ ಪರದೆ ಹಾಸಿತ್ತು. ಬರಿಗಾಲಲ್ಲಿ ಅದರ ಮೇಲೆ ಕೂತು, ಸರಿಯುತ್ತ, ಎಡದಿಂದ ಬಲಕ್ಕೆ ಗುಮ್ಮಟಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತಿದ್ದೆ. ಹಸಿ ಹವೆಗೆ ಸರೇಸು ಹದಕ್ಕೆ ಬರುತ್ತಿರಲಿಲ್ಲ. ಮತ್ತೆ ಮತ್ತೆ ಒಲೆಯ ಮೇಲಿಡಬೇಕಾಯಿತು. ಅರ್ಧ ಆಕಾಶ ಆಗಿತ್ತು. ಬಾಗಿಲಲ್ಲಿ ಖಾದರ್ ನಿಂತಿದ್ದ.

"ಇನ್ನಾ ಇಲ್ಲೇ ಅದೀರೇನ್ರಿ? ಬಸ್ಸು ಬಂದು ನಿಂತದ."

"ಈಗ ಎದ್ರ ಗೆರಿ ಬೀಳ್ತದ, ಖಾದರ್."

"ಬೀಳ್ಲಿ. ಆಕಾಶದಾಗ ಒಂದು ಗೆರಿ ಬಿದ್ರ ಯಾರ ಮನಿ ಹಾಳಾಗ್ತದ?"

"ಜನ ನೋಡ್ತಾರ. ಧಣಿ ನನ್ನ ತಗದ ಹಾಕ್ತಾರ."

"ಜನ ರಾಣಿ ಪಾತ್ರದಾಕೀನ ನೋಡ್ತಾರ್ರಿ, ನಿಮ್ಮ ಆಕಾಶ ಯಾರ್ ನೋಡ್ತಾರ? ಏಳ್ರಿ. ಅಲ್ಲಿ ಒಬ್ಬಾಕಿ ಬಾಗಲಾ ನೋಡ್ಕೋತ ಕುಂತಾಳ. ಏಳ್ರಿ ಅಂದ್ನೆಲ್ಲ!"

ಎದ್ದೆ. ಕಾಲು ತೊಳೆಯಲೂ ಇಲ್ಲ. ಬಸ್ಸು ಹಿಡಿದೆ. ದಾರಿಯಲ್ಲಿ ಮತ್ತೆ ಮಳೆ ಹೊಡೆಯಿತು. ಒಂದು ಹಳ್ಳ ತುಂಬಿ ಬಂದು ಬಸ್ಸು ಇತ್ತಲೇ ನಿಂತಿತು. ನೀರು ಇಳಿದಂತೆ ಕೆಲವರು ಕೈ ಕೈ ಹಿಡಿದು ದಾಟಿದರು, ನಾನೂ ದಾಟಿದೆ. ಮುಂದೆ ಯಾರದೋ ಗಾಡಿ. ಶಹಾಪುರದ ಮನೆಯ ಕಟ್ಟೆ ಮುಟ್ಟಿದಾಗ ಒಳಗೆ ತೊಟ್ಟಿಲ ಹಾಡು ನಡೆದಿತ್ತು. ಗಂಡಸರು ಒಳಗೆ ಹೋಗುವ ಶಾಸ್ತ್ರವಲ್ಲ ಅದು. ಕಟ್ಟೆಯ ಮೇಲೆ ಕೂತು ಕೇಳಿದೆ. ನನ್ನ ಅಕ್ಕ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಿದಾಗ ಹೆಂಗಸರೆಲ್ಲ ಸೇರಿ ಅವಳ ಬೆನ್ನು ಗುದ್ದಿದ ಸಪ್ಪಳ, ಅವಳು "ಅಯ್ಯೋ, ಸಾಯ್ತೀನ್ರೇ" ಎಂದು ಕೂಗಿದ್ದು, ಆಮೇಲಿನ ನಗು. ಕೂಸಿಗಿಟ್ಟದ್ದು ನನ್ನ ತಾಯಿಯ ಹೆಸರು: ಸಿದ್ದಮ್ಮ.

ಇದು ನನ್ನ ನೆನಪು. ಶರಣಮ್ಮನದು ಬೇರೆ. ಹೆಸರಿಟ್ಟು, ಎಲ್ಲರೂ ಉಂಡು, ದೂರದವರು ಗಾಡಿ ಹತ್ತಿ ಹೋದ ಮರುದಿನ ನಾನು ಮೈಯೆಲ್ಲ ತೋಯಿಸಿಕೊಂಡು, ಕಾಲುಗುರುಗಳ ಸಂದಿಯಲ್ಲಿ ನೀಲಿ ತುಂಬಿಕೊಂಡು ಬಂದೆ. ಬಂದವನೇ ಜ್ವರ ಹಿಡಿದು ಮಲಗಿದೆ.

ಜ್ವರದ ಮಾತು ನಿಜವೇ ಇರಬೇಕು. ಆಮೇಲಿನ ಬಹಳ ದಿನ ನನಗೆ ಸರಿಯಾಗಿ ನೆನಪಿಲ್ಲ. ಅಕ್ಕನ ಬೆನ್ನು ಗುದ್ದಿದ ಸಪ್ಪಳ ಯಾವ ತೊಟ್ಟಿಲ ದಿನವೂ ಕೇಳುವಂಥದು. ಆ ಜ್ವರದಲ್ಲಿ ಯಾರೋ ಪಕ್ಕದಲ್ಲಿ ಕೂತು ಅಂದಿನದನ್ನು ಹೇಳಿದ್ದು ಆಮೇಲೆ ನಾನೇ ಕೇಳಿದಂತೆ ಆಗಿರಬಹುದು. ಶಹಾಪುರದ ಬೆಟ್ಟವನ್ನು ಈಗ ಎಲ್ಲರೂ ಮಲಗಿದ ಬುದ್ಧ ಎನ್ನುತ್ತಾರೆ. ಜ್ವರದಲ್ಲಿ ಕಿಟಕಿಯಿಂದ ನಾನೂ ಬುದ್ಧನನ್ನೇ ನೋಡುತ್ತ ಮಲಗಿದ್ದೆ ಎಂದು ಈಗ ನನಗೂ ಅನ್ನಿಸುತ್ತದೆ. ಆ ಕಾಲದಲ್ಲಿ ನಮ್ಮ ಬಾಯಲ್ಲಿ ಆ ಮಾತು ಇತ್ತೇ? ಇರಲಿಲ್ಲವೆಂದೇ ನನ್ನ ಅನುಮಾನ. ಹೀಗೆ ಹಿಂದಿನದರ ಮೇಲೆ ಇಂದಿನದು ಸದ್ದಿಲ್ಲದೆ ಒಂದು ಕೈ ಬಳಿದುಕೊಂಡು ಕೂರುತ್ತದೆ.

ಎದ್ದು ಕೂಡುವಂತಾದ ಮೇಲೆ ನಾನು ಕಾದೆ. ಶರಣಮ್ಮ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು, ಸಾಂಬ್ರಾಣಿ ಹಾಕುತ್ತಿದ್ದಳು, ನನಗೆ ಗಂಜಿ ಕೊಡುತ್ತಿದ್ದಳು. ಕೇಳುವುದೊಂದನ್ನು ಮಾತ್ರ ಕೇಳಲಿಲ್ಲ. ಅವಳು ಒಮ್ಮೆ "ಇಲ್ಲೇ ಇರ್ರಿ" ಅಂದಿದ್ದರೆ ನಾನು ಇರುತ್ತಿದ್ದೆ. ನಾನಾಗಿಯೇ ಹೇಳಬಹುದಿತ್ತು ಎಂದು ಈಗ ಅನಿಸುತ್ತದೆ, ಆಗ ಅನಿಸಲಿಲ್ಲ. ನಾನು ಬಂದಿದ್ದೇನೆ, ಮಾತಿನಂತೆ ಅವಳು ಕೇಳಬೇಕು ಎಂದು ನನ್ನ ಲೆಕ್ಕ. ಬರಲಿಲ್ಲ, ಮಾತಿನಂತೆ ತಾನು ಕೇಳಬಾರದು ಎಂದು ಅವಳ ಲೆಕ್ಕ. ಕಂಪನಿ ಸುರಪುರ ಬಿಟ್ಟು ಯಾದಗಿರಿಯಿಂದ ರಾಯಚೂರಿನ ಕಡೆ ರೈಲು ಹತ್ತುತ್ತಿದೆ ಎಂದು ಸುದ್ದಿ ಬಂದ ದಿನ ಅವಳೇ ನನ್ನ ಬಟ್ಟೆ ಮಡಿಸಿಟ್ಟಳು.

"ಹೋಗ್ರಿ. ನಿಮಗ ಕಾಯ್ತಿರ್ತಾರ," ಎಂದಳು.

ಯಾದಗಿರಿ ಸ್ಟೇಷನ್ನಿನಲ್ಲಿ ಕಂಪನಿಯ ಸಾಮಾನು ವ್ಯಾಗನ್ನಿಗೆ ಏರುತ್ತಿತ್ತು. ಪರದೆಗಳೆಲ್ಲ ಬಿದಿರಿಗೆ ಸುತ್ತಿ ಕಟ್ಟಿದ್ದರು. ವೀರಪ್ಪನವರು ನನ್ನ ಬೆನ್ನು ತಟ್ಟಿದರು. "ಆಕಾಶ ಮುಗಿಸೇ ಹೋದ್ರಂತಲ್ಲ, ಚಲೋ ಮಾಡಿದ್ರಿ. ಖಾದರ್ ಹೇಳಿದ." ಖಾದರ್ ಎಲ್ಲಿ ಎಂದು ಕೇಳಿದೆ. ಅವನು ಸುರಪುರದಲ್ಲೇ ಉಳಿದ, ತಾಯಿ ಕಳಿಸಲಿಲ್ಲ ಎಂದರು. ಆಗ ನಾನು "ನಾನು ಮುಗಿಸಿರಲಿಲ್ಲ" ಎನ್ನಬೇಕಿತ್ತಲ್ಲ? ಅಂದ ನೆನಪಿಲ್ಲ. ತಿಳಿದೂ ಸುಮ್ಮನಾದೆನೋ, ಜ್ವರದಿಂದೆದ್ದ ತಲೆಗೆ ಅದೇ ನಿಜವೆನಿಸಿತೋ. ಅನುಮಾನ ಅಲ್ಲಿಂದಲೇ ಶುರುವಾಗಿರಬೇಕು.

ಆ ಕಂಪನಿ ಮುಂದಿನ ಮುಕ್ಕಾಮಿನಲ್ಲೇ ಒಡೆಯಿತು. ಕಟ್ಟಿದ ಪರದೆ ಬಿಚ್ಚುವ ಮೊದಲೇ ಸಾಮಾನೆಲ್ಲ ಹಂಚಿ ಮಾರಿ ಹೋಯಿತು. ನಾನು ಬೇರೆ ಕಂಪನಿ, ಅದು ಮುಳುಗಿದರೆ ಇನ್ನೊಂದು ಎಂದು ಬಹಳ ವರ್ಷ ತಿರುಗಿದೆ. ಶಹಾಪುರದ ಮಾಸ್ತರಕಿ ಬೇರೆಯವರಿಗೆ ಹೋಯಿತು. ಮಗಳು ನನ್ನನ್ನು ಗುರುತಿಸುತ್ತಿದ್ದುದು ನಾನು ತರುತ್ತಿದ್ದ ಬಣ್ಣದ ಕಾಗದಗಳಿಂದ. ಪ್ರತಿ ಸಲ ಬಂದಾಗ ಒಂದೆರಡು ದಿನ ಬಾಗಿಲ ಹಿಂದೆ ನಿಂತು ನೋಡುವಳು. ಹತ್ತಿರ ಬರುವ ಹೊತ್ತಿಗೆ ನಾನು ಹೊರಡುವ ದಿನ ಬರುತ್ತಿತ್ತು. ಒಮ್ಮೆ ಸುರಪುರಕ್ಕೆ ಹೋಗಿ ಖಾದರನ ಮನೆ ಹುಡುಕಿದೆ. ಬೇರೆ ಯಾರೋ ಇದ್ದರು. ತಾಯಿ ಮಗ ಹೈದರಾಬಾದಿನ ಕಡೆ ಹೋದರೆಂದಷ್ಟೇ ಅವರಿಗೆ ಗೊತ್ತಿತ್ತು.

ತಿರುಗಾಟ ನಿಲ್ಲಿಸಿ ಮನೆ ಸೇರಿದ ಮೇಲೆ ನಾವಿಬ್ಬರೂ ಈ ತೊಟ್ಟಿಲ ದಿನದ ಬಗ್ಗೆ ಎಷ್ಟು ಸಲ ವಾದಿಸಿದ್ದೇವೋ. ಸಿಟ್ಟಿನಿಂದಲ್ಲ, ವಯಸ್ಸಾದ ಮೇಲೆ ಹಳೆಯ ಜಗಳವೂ ಒಂದು ಹೊತ್ತುಗಳೆಯುವಿಕೆ.

"ಅರ್ಧಕ್ಕ ಬಿಟ್ಟು ಬಂದೆ," ಎನ್ನುತ್ತೇನೆ ನಾನು.

"ಹೌದೇನ್ರಿ? ಮತ್ತ ನಮ್ಮ ಮಲ್ಲಣ್ಣ ಮುಂದಿನ ವಾರ ಹೋಗಿ ನಾಟಕ ನೋಡ್ಯಾನಲ್ಲ. ಆಕಾಶ ಪೂರ್ತಿ ಇತ್ತಂತಲ್ಲ. ಅರ್ಧ ಯಾರು ಬಳದ್ರು? ಪೇಟಿ ಮಾಸ್ತರ ಬಳದ್ನೇನು?" ಎಂದು ಅವಳು ನಗುತ್ತಾಳೆ.

ಕಂಪನಿಯಲ್ಲಿ ಕುಂಚ ಹಿಡಿಯುವವನು ನಾನೊಬ್ಬನೇ. ಆಕಾಶ ಪೂರ್ತಿಯಾಗಿತ್ತು ಎಂದರೆ ನಾನೇ ಮುಗಿಸಿರಬೇಕು. ಮುಗಿಸಿದ್ದರೆ ಆ ದಿನದ ಬಸ್ಸು ಸಿಕ್ಕಿರಲಿಕ್ಕಿಲ್ಲ. ಮೇಷ್ಟ್ರ ಮೂರು ಪ್ರಶ್ನೆಗಳೂ ಅವಳ ಪರವಾಗಿದ್ದವು. ಕೊನೆಗೆ ನಾನು ಸೋಲೊಪ್ಪಿದ್ದೆ. ಬಾಗಿಲಲ್ಲಿ ನಿಂತ ಖಾದರ್, ಅವನ ಮಾತು, ಹಳ್ಳ, ಎಲ್ಲವೂ ನನಗೆ ಬೇಕಾಗಿದ್ದರಿಂದ ಹುಟ್ಟಿಕೊಂಡವು ಎಂದು ಒಪ್ಪಿಕೊಂಡಿದ್ದೆ.

ಈ ವರ್ಷ ಶರಣಮ್ಮನ ಹರಕೆ ತೀರಿಸಲು ಇಬ್ಬರೂ ಕೊಡೇಕಲ್‌ಗೆ ಹೋದೆವು. ಗುಡಿಯ ದರ್ಶನ ಮುಗಿಸಿ ಮರದ ಕೆಳಗೆ ಕೂತಿದ್ದಾಗ ಊರಿನ ಒಬ್ಬರು ಮಾತಿಗೆ ಸಿಕ್ಕರು. ಹಬ್ಬಕ್ಕೆ ಊರ ಹುಡುಗರಿಂದ ನಾಟಕ ಆಡಿಸುವವರು. ನಾನು ಪರದೆ ಬರೆಯುತ್ತಿದ್ದೆ ಎಂದದ್ದೇ ತಡ, ಕೈ ಹಿಡಿದು ಎಬ್ಬಿಸಿದರು.

"ಬರ್ರಿ, ಬರ್ರಿ. ನಮ್ಮಪ್ಪ ತಂದಿದ್ದು ಹಳೀ ಕಂಪನಿ ಪರದಿ ಒಂದು ಅದ. ಇಲಿ ತಿಂದು ಉಳದದ್ದು. ನಿಮ್ಮಂಥವ್ರು ನೋಡಬೇಕು."

ಚಾವಡಿಯ ಅಟ್ಟದಿಂದ ಇಳಿಸಿ ಅಂಗಳದ ಬಿಸಿಲಿನಲ್ಲಿ ಹಾಸಿದರು. ಕಂಬದ ಬುಡದಲ್ಲಿ ಒಂದು ನವಿಲು, ಕೊರಳಿಗೆ ಚೂರು ಬಂಗಾರದ ರೇಕು. ಹಳೆಯ ಪೇಂಟರ ಕಂಬಕ್ಕೆ ಮನಸ್ಸು ತಡೆಯದೆ ನಾನು ಸೇರಿಸಿದ ನವಿಲು. ಅದನ್ನು ನೋಡಿದ ಮೇಲೆ ತಲೆಯೆತ್ತಿ ಆಕಾಶದ ಕಡೆ ನೋಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನಗಿಂತ ಮೊದಲು ಶರಣಮ್ಮ ನೋಡಿದಳು. ಕನ್ನಡಕ ಸರಿ ಮಾಡಿಕೊಂಡು, ಸೀರೆ ಸಾವರಿಸಿ ಪರದೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿಟ್ಟಳು.

"ಇಲ್ಲೊಂದು ಗೆರಿ ಅದಲ್ರಿ."

ಅವಳು ಬೆರಳನ್ನು ಗೆರೆಯ ಆಚೆ ಸರಿಸಿದಳು, ಮತ್ತೆ ಈಚೆ ತಂದಳು. ನನ್ನ ಹಿಂದೆ ಊರೂರು ತಿರುಗಿದ ವರ್ಷ ಬಣ್ಣ ಅರೆದುಕೊಟ್ಟವಳು ಅವಳು; ಗೀರು ಓದಲು ಬರುತ್ತದೆ.

"ಈ ಕಡೀವು ನಿಮ್ಮವು. ಆ ಕಡೀವು ತಿರುವು ಮುರುವು ಅದಾವ." ನನ್ನ ಕಡೆ ತಿರುಗಿ ಕೇಳಿದಳು: "ಖಾದರಣ್ಣ ಎಡಚ ಇದ್ದಾ, ಹೌದಿಲ್ಲೋ?"

"ಹ್ಞೂಂ."

ಆ ಕಡೆಯ ನೀಲಿ ತೆಳ್ಳಗಿತ್ತು. ಅದರ ಕೆಳಗಿನಿಂದ ಕೊನೆಯ ಎರಡು ಗುಮ್ಮಟಗಳು ಮಬ್ಬಾಗಿ ಕಾಣುತ್ತಿದ್ದವು. ಅಭ್ಯಾಸವಿಲ್ಲದ ಕೈಗೆ ಸರೇಸಿನ ಹದ ತಪ್ಪಿತೋ, ಅಷ್ಟಕ್ಕೇ ಸಾಕೆನಿಸಿತೋ, ಅದನ್ನು ಹೇಳುವವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.

ಶರಣಮ್ಮನ ಬೆರಳು ಇನ್ನೂ ಗೆರೆಯ ಮೇಲೆಯೇ ಇತ್ತು. ಬಿಸಿಲು ಏರುತ್ತಿತ್ತು. ಊರಿನವರು "ಚಾ ತರಸ್ಲೇನ್ರಿ" ಎಂದು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ.

"ಮತ್ತ ಅವತ್ತು ಇಲ್ಲೇ ಇರ್ತೀನಿ ಅಂತ ನೀವೇ ಹೇಳಬಾರದಾಗಿತ್ತೇನ್ರಿ?" ಎಂದಳು ಕೊನೆಗೆ.

"ನೀ ಕೇಳ್ತಿ ಅಂತ ಕಾಯಾಕತ್ತಿದ್ದೆ."

"ನಾ ಹೆಂಗ ಕೇಳ್ಲಿ?" ಎಂದು ನೆಲಕ್ಕೆ ಕೈಯೂರಿ ಎದ್ದಳು. ಮರಳುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಅಥವಾ ಕಣ್ಣು ಮುಚ್ಚಿಕೊಂಡಿದ್ದಳು.

ಇದರಿಂದ ನಾನು ಆ ದಿನವೇ ಶಹಾಪುರ ಮುಟ್ಟಿದೆ ಎಂದು ಸಾಬೀತಾಗುವುದಿಲ್ಲ. ಹಳ್ಳದ ದಂಡೆಯಲ್ಲೇ ಬೆಳಗಾಗಿರಬಹುದು. ಕಟ್ಟೆಯ ಮೇಲೆ ಕೂತು ನಾನು ಕೇಳಿದ ನಗು ಯಾವ ಮನೆಯದೋ ಆಗಿರಬಹುದು. ಖಾತ್ರಿ ಮಾಡಿಕೊಂಡದ್ದು ಇಷ್ಟೇ: ಕೊಡೇಕಲ್‌ನ ಚಾವಡಿಯಲ್ಲಿರುವ ದರ್ಬಾರ್ ಪರದೆಯ ಆಕಾಶದಲ್ಲಿ, ಸರಿಸುಮಾರು ನಟ್ಟನಡುವೆ, ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಇದೆ. ಅದರ ಈಚೆಗಿರುವುದು ಬಲಗೈಯ ಗೀರು, ಆಚೆಗಿರುವುದು ಎಡಗೈಯದು.